ನಿಲ್ಸ್ ಲೀಡ್‌ಹೋಲ್ಮ್: ತವರಿನ ನಿಯಮ ದೂರವಿಟ್ಟ ನಾಯಕ

ಸ್ವೀಡನ್ ದೇಶವು ಫುಟ್‌ಬಾಲ್ ಲೋಕಕ್ಕೆ ನೀಡಿದ ಶ್ರೇಷ್ಠ ಮಿಡ್‌ಫೀಲ್ಡ್ ಆಟಗಾರರಲ್ಲಿ ನಿಲ್ಸ್ ಲೀಡ್‌ಹೋಲ್ಮ್ (1922–2007) ಅವರದು ಅಗ್ರಪಂಕ್ತಿಯ ಹೆಸರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಸದಸ್ಯರಾಗಿ, 1958ರ ವಿಶ್ವಕಪ್ ಫೈನಲ್ ತಲುಪಿದ ತಂಡದ ನಾಯಕರಾಗಿ, ಇಟಲಿಯ ಮಿಲಾನ್ ಕ್ಲಬ್ಬಿಗೆ ನಾಲ್ಕು ಬಾರಿ ಲೀಗ್ ಪ್ರಶಸ್ತಿ ತಂದುಕೊಟ್ಟವರಲ್ಲಿ ಒಬ್ಬರಾಗಿ, ಮುಂದೆ ಮಿಲಾನ್ ಹಾಗೂ ರೋಮಾ ತಂಡಗಳೆರಡನ್ನೂ ಚಾಂಪಿಯನ್ ಪಟ್ಟಕ್ಕೇರಿಸಿದ ತರಬೇತುದಾರರಾಗಿ ಅವರು ಸ್ಮರಣೀಯರು.

ಇಷ್ಟೆಲ್ಲ ಸಾಧನೆಯ ನಡುವೆಯೂ ಲೀಡ್‌ಹೋಲ್ಮ್ ಸ್ವದೇಶದ ಪರವಾಗಿ ಆಡಿದ್ದು ಕೇವಲ 23 ಪಂದ್ಯಗಳಲ್ಲಿ. ಆಟದಿಂದ ಸಂಬಳ ಪಡೆಯುವವರಿಗೆ ರಾಷ್ಟ್ರೀಯ ತಂಡದಲ್ಲಿ ಸ್ಥಾನವಿಲ್ಲವೆಂಬ ಸ್ವೀಡನ್ನಿನ ಅಂದಿನ ನಿಯಮವೇ ಇದಕ್ಕೆ ಕಾರಣ. ಅವರ ಯೌವನದ ಅತ್ಯುತ್ತಮ ಒಂಬತ್ತು ವರ್ಷಗಳು ಈ ನಿಯಮದ ಪಾಲಾದವು. ತವರು ಕಳೆದುಕೊಂಡದ್ದನ್ನು ಇಟಲಿ ಗಳಿಸಿಕೊಂಡಿತು.

ಆರಂಭದ ದಿನಗಳು

ಸ್ವೀಡನ್ನಿನ ಪೂರ್ವ ಕರಾವಳಿಯ ಪುಟ್ಟ ಪಟ್ಟಣ ವಾಲ್ಡೆಮಾರ್ಸ್‌ವಿಕ್‌ನಲ್ಲಿ 1922ರ ಅಕ್ಟೋಬರ್ 8ರಂದು ಲೀಡ್‌ಹೋಲ್ಮ್ ಜನಿಸಿದರು. ಊರಿನ ತಂಡದಲ್ಲಿ ಆಟ ಆರಂಭಿಸಿದ ಅವರು ಸಮೀಪದ ನಾರ್‌ಶೋಪಿಂಗ್ ನಗರದ ಸ್ಲೈಪ್ನರ್ ಕ್ಲಬ್ಬಿಗೆ ಸೇರಿದರು. 1946ರಲ್ಲಿ ಅದೇ ನಗರದ ಹೆಚ್ಚು ಬಲಿಷ್ಠ ತಂಡವಾದ ಐಎಫ್‌ಕೆ ನಾರ್‌ಶೋಪಿಂಗ್ ಅವರನ್ನು ಬರಮಾಡಿಕೊಂಡಿತು.

ಆ ಕಾಲದಲ್ಲಿ ಸ್ವೀಡನ್ನಿನ ಲೀಗ್ ಫುಟ್‌ಬಾಲ್‌ನಲ್ಲಿ ನಾರ್‌ಶೋಪಿಂಗ್ ತಂಡಕ್ಕೆ ಸರಿಸಾಟಿಯಿರಲಿಲ್ಲ. ಹಂಗೇರಿಯ ಲಾಯೋಶ್ ಸೈಸ್ಲರ್ ಅದರ ತರಬೇತುದಾರರಾಗಿದ್ದರು. ಗೋಲು ಗಳಿಕೆಯಲ್ಲಿ ಹೆಸರಾದ ಗುನ್ನಾರ್ ನಾರ್ಡಾಲ್ ಮುಂಪಡೆಯಲ್ಲಿದ್ದರು. ಈ ತಂಡದೊಡನೆ ಲೀಡ್‌ಹೋಲ್ಮ್ 1947 ಮತ್ತು 1948ರಲ್ಲಿ ಸತತವಾಗಿ ಎರಡು ಲೀಗ್ ಪ್ರಶಸ್ತಿ ಗೆದ್ದರು. 1947ರಲ್ಲಿಯೇ ರಾಷ್ಟ್ರೀಯ ತಂಡಕ್ಕೂ ಪದಾರ್ಪಣೆ ಮಾಡಿದರು.

ಲಂಡನ್ನಿನ ಚಿನ್ನ

ಎರಡನೆಯ ಮಹಾಯುದ್ಧದ ನಂತರದ ಮೊದಲ ಬೇಸಿಗೆ ಒಲಿಂಪಿಕ್ಸ್ 1948ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಇಂಗ್ಲೆಂಡಿನ ಜಾರ್ಜ್ ರೇನರ್ ಅವರ ತರಬೇತಿಯಲ್ಲಿ ಕಣಕ್ಕಿಳಿದ ಸ್ವೀಡನ್, ಮೊದಲ ಪಂದ್ಯದಲ್ಲಿ ಆಸ್ಟ್ರಿಯಾವನ್ನು 3–0ಯಿಂದ ಸೋಲಿಸಿತು. ಎರಡನೆಯ ಪಂದ್ಯದಲ್ಲಿ ದಕ್ಷಿಣ ಕೊರಿಯಾ ವಿರುದ್ಧ 12–0ಯಿಂದಲೂ ಸೆಮಿಫೈನಲ್‌ನಲ್ಲಿ ನೆರೆಯ ಡೆನ್ಮಾರ್ಕ್ ವಿರುದ್ಧ 4–2ರಿಂದಲೂ ಗೆದ್ದಿತು. ಆಗಸ್ಟ್ 13ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಯುಗೊಸ್ಲಾವಿಯಾ 3–1ರಿಂದ ಮಣಿಯಿತು. ಗುನ್ನಾರ್ ಗ್ರೆನ್ ಎರಡು ಗೋಲು, ನಾರ್ಡಾಲ್ ಒಂದು ಗೋಲು ಗಳಿಸಿದರು. ಎಡಬದಿಯಲ್ಲಿ ಆಡಿದ ಲೀಡ್‌ಹೋಲ್ಮ್ ಚೆಂಡನ್ನು ಅಳೆದು ಸುರಿದಂತೆ ಒದಗಿಸುವ ಆಟಗಾರನೆಂದು ಗುರುತಿಸಿಕೊಂಡರು. ಪುರುಷರ ಫುಟ್‌ಬಾಲ್‌ನಲ್ಲಿ ಸ್ವೀಡನ್ ಗೆದ್ದಿರುವ ಏಕೈಕ ಒಲಿಂಪಿಕ್ ಚಿನ್ನ ಇದು.

ಆ ಗೆಲುವು ಇಟಲಿಯ ಶ್ರೀಮಂತ ಕ್ಲಬ್ಬುಗಳ ಕಣ್ಣು ಉತ್ತರದತ್ತ ಹೊರಳುವಂತೆ ಮಾಡಿತು. ಸ್ವೀಡನ್ನಿನ ಆಟಗಾರರು ನಿಯಮದ ಪ್ರಕಾರ ಹವ್ಯಾಸಿಗಳು. ಜೀವನೋಪಾಯಕ್ಕೆ ಬೇರೆ ಉದ್ಯೋಗ ಮಾಡಿಕೊಂಡು, ಬಿಡುವಿನ ವೇಳೆಯಲ್ಲಿ ಆಡುವವರು. ಇಟಲಿಯಲ್ಲಾದರೋ ಆಟವೇ ಉದ್ಯೋಗವಾಗಿತ್ತು. 1949ರ ಜನವರಿಯಲ್ಲಿ ನಾರ್ಡಾಲ್ ಮಿಲಾನ್ ಸೇರಿದರು. ಅದೇ ವರ್ಷ ಗ್ರೆನ್, ಲೀಡ್‌ಹೋಲ್ಮ್ ಹಾಗೂ ತರಬೇತುದಾರ ಸೈಸ್ಲರ್ ಕೂಡ ಅವರನ್ನು ಹಿಂಬಾಲಿಸಿದರು.

ಗ್ರೆ-ನೊ-ಲಿ ತ್ರಿವಳಿ

ಗ್ರೆನ್, ನಾರ್ಡಾಲ್, ಲೀಡ್‌ಹೋಲ್ಮ್ ಈ ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಇಟಲಿಯ ಅಭಿಮಾನಿಗಳು 'ಗ್ರೆ-ನೊ-ಲಿ' ಎಂದು ಕರೆದರು. 1949–50ರ ಋತುವಿನಲ್ಲಿ ಮಿಲಾನ್ ಲೀಗ್ ಪಂದ್ಯಗಳಲ್ಲಿ 118 ಗೋಲು ಗಳಿಸಿತು. ಪೈಕಿ ನಾರ್ಡಾಲ್ ಒಬ್ಬರದೇ 35. 1950ರ ಫೆಬ್ರವರಿಯಲ್ಲಿ ಟ್ಯೂರಿನ್ ನಗರದಲ್ಲಿ ಯುವೆಂಟಸ್ ತಂಡವನ್ನು ಅದರ ನೆಲದಲ್ಲೇ 7–1ರಿಂದ ಸೋಲಿಸಿದ್ದು ಈ ತ್ರಿವಳಿಯ ಪ್ರಖ್ಯಾತ ವಿಜಯ. ಆದರೂ ಆ ವರ್ಷದ ಪ್ರಶಸ್ತಿ ಯುವೆಂಟಸ್ ಪಾಲಾಯಿತು. ಮರುವರ್ಷ, 1951ರಲ್ಲಿ, ಮಿಲಾನ್ ಚಾಂಪಿಯನ್ ಆಯಿತು. 1907ರ ನಂತರ ಆ ಕ್ಲಬ್ಬಿಗೆ ದಕ್ಕಿದ ಮೊದಲ ಲೀಗ್ ಪ್ರಶಸ್ತಿ ಅದು; ನಡುವೆ ನಲವತ್ತನಾಲ್ಕು ವರ್ಷ ಸಂದಿದ್ದವು.

ಮೂವರ ಆಟದ ಸ್ವರೂಪ ಬೇರೆಬೇರೆ. ನಾರ್ಡಾಲ್ ಅವರದು ಮೈಬಲದ ಆಟ. ಐದು ಬಾರಿ ಇಟಲಿ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಹಿರಿಮೆ ಅವರದು. 'ಪ್ರೊಫೆಸರ್' ಎಂಬ ಅಡ್ಡಹೆಸರು ಪಡೆದಿದ್ದ ಗ್ರೆನ್ ಆಟವನ್ನು ರೂಪಿಸುವ ಚತುರ. ಎತ್ತರದ ನಿಲುವಿನ, ತಲೆಯೆತ್ತಿ ಸಾವಧಾನವಾಗಿ ಆಡುವ ಲೀಡ್‌ಹೋಲ್ಮ್ ಇವರಿಬ್ಬರ ನಡುವಿನ ಕೊಂಡಿಯಾಗಿದ್ದರು. ಅವರ ಪಾಸ್‌ಗಳ ನಿಖರತೆ ಎಷ್ಟಿತ್ತೆಂದರೆ, ಬಹುಕಾಲದ ಬಳಿಕ ಒಮ್ಮೆ ಅವರು ಗುರಿತಪ್ಪಿದಾಗ ಸ್ಯಾನ್ ಸಿರೊ ಕ್ರೀಡಾಂಗಣದ ಪ್ರೇಕ್ಷಕರು ಅಚ್ಚರಿಯಿಂದ ದೀರ್ಘಕಾಲ ಚಪ್ಪಾಳೆ ತಟ್ಟಿದರೆಂಬ ಕಥೆ ಇಟಲಿಯಲ್ಲಿ ಇಂದಿಗೂ ಪ್ರಚಲಿತವಿದೆ.

1953ರಲ್ಲಿ ಗ್ರೆನ್, 1956ರಲ್ಲಿ ನಾರ್ಡಾಲ್ ಮಿಲಾನ್ ತೊರೆದರು. ಲೀಡ್‌ಹೋಲ್ಮ್ ಮಾತ್ರ 1961ರವರೆಗೂ ಅಲ್ಲಿಯೇ ಉಳಿದರು. ವಯಸ್ಸಾದಂತೆ ಮುಂಪಡೆಯಿಂದ ಮಿಡ್‌ಫೀಲ್ಡ್‌ಗೆ, ಅಲ್ಲಿಂದ ರಕ್ಷಣಾ ಪಂಕ್ತಿಗೆ ಸರಿದು, ಕಾಲಿನ ವೇಗ ಕುಂದಿದ್ದನ್ನು ಆಟದ ತಿಳಿವಳಿಕೆಯಿಂದ ತುಂಬಿಕೊಂಡರು. 1951, 1955, 1957 ಹಾಗೂ 1959ರ ಲೀಗ್ ಪ್ರಶಸ್ತಿಗಳಲ್ಲಿ ಅವರ ಪಾಲಿದೆ. ಲೀಗ್‌ನಲ್ಲಿ ಆಡಿದ 359 ಪಂದ್ಯಗಳಲ್ಲಿ 81 ಗೋಲು ಅವರ ಹೆಸರಿನಲ್ಲಿವೆ.

ಹವ್ಯಾಸಿ ನಿಯಮದ ಬೆಲೆ

ಮಿಲಾನ್‌ನಲ್ಲಿ ಕೀರ್ತಿ ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಸ್ವೀಡನ್ನಿನ ರಾಷ್ಟ್ರೀಯ ತಂಡದ ಬಾಗಿಲು ಲೀಡ್‌ಹೋಲ್ಮ್ ಅವರಿಗೆ ಮುಚ್ಚಿತ್ತು. ಹಣಕ್ಕಾಗಿ ಆಡಿದರೆ ಕ್ರೀಡೆಯ ಶುದ್ಧತೆ ಕೆಡುತ್ತದೆಂಬುದು ಅಂದು ಯುರೋಪಿನ ಹಲವೆಡೆ ಬೇರೂರಿದ್ದ ನಂಬಿಕೆ. ಸ್ವೀಡನ್ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿತು. ವಿದೇಶಿ ಕ್ಲಬ್ಬಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಆಟಗಾರ ಆ ಕ್ಷಣದಿಂದಲೇ ದೇಶದ ತಂಡಕ್ಕೆ ಅನರ್ಹನಾಗುತ್ತಿದ್ದ.

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಸ್ವೀಡನ್ ಈ ಮೂವರನ್ನು ಬಿಟ್ಟೇ ತೆರಳಿತು. ಇಟಲಿ, ಪರಾಗ್ವೆ ಹಾಗೂ ಭಾರತ ತಂಡಗಳು ಸ್ವೀಡನ್ನಿನೊಡನೆ ಒಂದೇ ಗುಂಪಿನಲ್ಲಿದ್ದವು. ಭಾರತ ಟೂರ್ನಿಯಿಂದ ಹಿಂದೆ ಸರಿದ ಕಾರಣ ಗುಂಪಿನಲ್ಲಿ ಉಳಿದದ್ದು ಮೂರೇ ತಂಡಗಳು. ಹವ್ಯಾಸಿಗಳ ಸ್ವೀಡನ್ ತಂಡ ವೃತ್ತಿಪರ ಇಟಲಿಯನ್ನು 3–2ರಿಂದ ಸೋಲಿಸಿ, ಅಂತಿಮವಾಗಿ ಮೂರನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್‌ನ ಮೂವರು ಪ್ರಮುಖರೂ ಇದ್ದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಸ್ವೀಡನ್ನಿನ ಕ್ರೀಡಾಭಿಮಾನಿಗಳಲ್ಲಿ ಹಾಗೆಯೇ ಉಳಿಯಿತು.

ಈ ಯಶಸ್ಸಿನ ಫಲವೂ ಹಿಂದಿನಂತೆಯೇ ಆಯಿತು. ಲೆನ್ನಾರ್ಟ್ ಸ್ಕೋಗ್ಲುಂಡ್ ಇಂಟರ್ ಮಿಲಾನ್ ಸೇರಿದರು. ಹಾಸೆ ಯೆಪ್‌ಸನ್ ಕೂಡ ಇಟಲಿಯ ಹಾದಿ ಹಿಡಿದರು. ತಂಡ ಗೆದ್ದಷ್ಟೂ ಅದರ ಆಟಗಾರರಿಗೆ ಹೊರಗಿನ ಬೇಡಿಕೆ ಹೆಚ್ಚುತ್ತಿತ್ತು. ಅವರು ಹೊರಟಷ್ಟೂ ತಂಡ ಬಡವಾಗುತ್ತಿತ್ತು. 1954ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಬೆಲ್ಜಿಯಂಗೆ ಸೋತ ಸ್ವೀಡನ್ ಪ್ರಧಾನ ಸುತ್ತನ್ನೇ ತಲುಪಲಿಲ್ಲ. ಆಗ ಲೀಡ್‌ಹೋಲ್ಮ್ ಅವರಿಗೆ ಮೂವತ್ತೊಂದು ವರ್ಷ.

1958: ತವರಿನ ವಿಶ್ವಕಪ್

1958ರ ವಿಶ್ವಕಪ್ ಸ್ವೀಡನ್ನಿನಲ್ಲಿಯೇ ನಡೆಯುವುದು ನಿಶ್ಚಯವಾದಾಗ ಪರಿಸ್ಥಿತಿ ಬದಲಾಯಿತು. ಆತಿಥೇಯ ರಾಷ್ಟ್ರವೇ ತನ್ನ ಉತ್ತಮ ಆಟಗಾರರನ್ನು ಹೊರಗಿಟ್ಟು ಆಡುವುದು ಸಾಧುವಲ್ಲವೆಂದು ಮನಗಂಡ ಫುಟ್‌ಬಾಲ್ ಸಂಸ್ಥೆ, ವೃತ್ತಿಪರರಿಗೆ ಅವಕಾಶ ಕಲ್ಪಿಸಿತು. ಇಟಲಿಯಿಂದ ಲೀಡ್‌ಹೋಲ್ಮ್, ಸ್ಕೋಗ್ಲುಂಡ್, ಕುರ್ಟ್ ಹಾಮ್ರಿನ್, ಬೆಂಗ್ಟ್ ಗುಸ್ತಾವ್‌ಸನ್ ಮರಳಿದರು. ಅದಾಗಲೇ ಸ್ವದೇಶಕ್ಕೆ ಹಿಂತಿರುಗಿದ್ದ 37ರ ಹರೆಯದ ಗ್ರೆನ್ ಅವರಿಗೂ ಸ್ಥಾನ ದೊರೆಯಿತು. ತರಬೇತುದಾರರು ಮತ್ತೆ ಜಾರ್ಜ್ ರೇನರ್. ನಾಯಕತ್ವ ಲೀಡ್‌ಹೋಲ್ಮ್ ಅವರ ಹೆಗಲೇರಿತು. ನಾರ್ಡಾಲ್ ಅವರ ಪಾಲಿಗೆ ಮಾತ್ರ ಈ ಬದಲಾವಣೆ ತಡವಾಗಿತ್ತು. ಒಂದೇ ಒಂದು ವಿಶ್ವಕಪ್ ಪಂದ್ಯ ಆಡುವ ಭಾಗ್ಯವೂ ಆ ಮಹಾನ್ ಆಟಗಾರನಿಗೆ ಒದಗಲಿಲ್ಲ.

ಮೆಕ್ಸಿಕೊ ವಿರುದ್ಧ 3–0, ಹಂಗೇರಿ ವಿರುದ್ಧ 2–1 ಗೆಲುವು ಸಾಧಿಸಿದ ಸ್ವೀಡನ್, ವೇಲ್ಸ್ ವಿರುದ್ಧ ಗೋಲಿಲ್ಲದ ಡ್ರಾ ಮಾಡಿಕೊಂಡಿತು. ಕ್ವಾರ್ಟರ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 2–0ಯಿಂದ, ಸೆಮಿಫೈನಲ್‌ನಲ್ಲಿ ಹಿಂದಿನ ಬಾರಿಯ ಚಾಂಪಿಯನ್ ಪಶ್ಚಿಮ ಜರ್ಮನಿಯನ್ನು 3–1ರಿಂದ ಮಣಿಸಿ ಫೈನಲ್ ತಲುಪಿತು. ಪಶ್ಚಿಮ ಜರ್ಮನಿ ವಿರುದ್ಧದ ಮೂರೂ ಗೋಲುಗಳು ಸ್ಕೋಗ್ಲುಂಡ್, ಗ್ರೆನ್ ಹಾಗೂ ಹಾಮ್ರಿನ್ ಅವರಿಂದ ಬಂದವು. ಮೂವರೂ ಹಿಂದೆ ನಿಯಮದ ಕಾರಣ ತಂಡದಿಂದ ದೂರ ಉಳಿದಿದ್ದವರೇ.

ಜೂನ್ 29ರಂದು ಸ್ಟಾಕ್‌ಹೋಮ್ ಬಳಿಯ ರೋಸುಂಡಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ವಿರುದ್ಧ ಫೈನಲ್ ನಡೆಯಿತು. ನಾಲ್ಕನೆಯ ನಿಮಿಷದಲ್ಲಿ ಲೀಡ್‌ಹೋಲ್ಮ್ ಪೆನಾಲ್ಟಿ ಆವರಣದೊಳಗೆ ಇಬ್ಬರು ರಕ್ಷಣಾ ಆಟಗಾರರನ್ನು ತಪ್ಪಿಸಿ, ನೆಲಮಟ್ಟದ ಹೊಡೆತದಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ಆ ಟೂರ್ನಿಯಲ್ಲಿ ಬ್ರೆಜಿಲ್ ಹಿನ್ನಡೆ ಕಂಡದ್ದು ಅದೇ ಮೊದಲು. ಬ್ರೆಜಿಲ್‌ನ ದೀದಿ ಚೆಂಡನ್ನು ಕೈಗೆತ್ತಿಕೊಂಡು, ಅವಸರಪಡದೆ ಮೈದಾನದ ನಡುವಿಗೆ ನಡೆದು ಬಂದು ತನ್ನವರಿಗೆ ಧೈರ್ಯ ತುಂಬಿದರು. ಐದೇ ನಿಮಿಷದಲ್ಲಿ ವಾವಾ ಸಮಬಲ ಸಾಧಿಸಿದರು. ಅಂತಿಮ ಫಲಿತಾಂಶ ಬ್ರೆಜಿಲ್ ಪರ 5–2. ಹದಿನೇಳರ ಪೆಲೆ ಎರಡು ಗೋಲು ಗಳಿಸಿ ವಿಶ್ವಕಪ್ ಫೈನಲ್‌ನಲ್ಲಿ ಗೋಲು ಗಳಿಸಿದ ಅತಿ ಕಿರಿಯರೆನಿಸಿದರು.

ಅತಿ ಹಿರಿಯರ ದಾಖಲೆಯೂ ಅದೇ ಪಂದ್ಯದಲ್ಲಿ ಸೃಷ್ಟಿಯಾಯಿತು. ಅಂದು ಲೀಡ್‌ಹೋಲ್ಮ್ ಅವರಿಗೆ 35 ವರ್ಷ ಮೀರಿ ಎಂಟು ತಿಂಗಳಾಗಿತ್ತು. 2022ರ ಫೈನಲ್‌ನಲ್ಲಿ 35ರ ಲಯೊನೆಲ್ ಮೆಸ್ಸಿ ಎರಡು ಗೋಲು ಹೊಡೆದಾಗಲೂ ಈ ದಾಖಲೆ ಕೆಲವೇ ತಿಂಗಳ ಅಂತರದಿಂದ ಉಳಿದುಕೊಂಡಿತು. ಅದೇ 1958ರ ಮೇ 28ರಂದು ಬ್ರಸೆಲ್ಸ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಲೀಡ್‌ಹೋಲ್ಮ್ ನಾಯಕತ್ವದ ಮಿಲಾನ್, ಹೆಚ್ಚುವರಿ ಅವಧಿಯಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 3–2ರಿಂದ ಸೋತಿತ್ತು. ಹೀಗೆ 32 ದಿನಗಳ ಅಂತರದಲ್ಲಿ ಎರಡು ಮಹಾ ಫೈನಲ್‌ಗಳ ಸೋಲನ್ನು ಅವರು ನಾಯಕರಾಗಿ ಅನುಭವಿಸಿದರು.

ಸ್ವೀಡನ್ 1967ರಲ್ಲಿ ಹವ್ಯಾಸಿ ನಿಯಮವನ್ನು ಸಂಪೂರ್ಣವಾಗಿ ಕೈಬಿಟ್ಟಿತು.

ತರಬೇತುದಾರರಾಗಿ

ಆಟದಿಂದ ನಿವೃತ್ತರಾದ ಬಳಿಕ ಲೀಡ್‌ಹೋಲ್ಮ್ ಇಟಲಿಯಲ್ಲಿಯೇ ನೆಲೆಸಿ ತರಬೇತಿ ವೃತ್ತಿ ಕೈಗೊಂಡರು. ಮಿಲಾನ್‌ನಲ್ಲಿ ಆರಂಭಿಸಿ, 1968ರಲ್ಲಿ ವೆರೋನಾ ಹಾಗೂ 1970ರಲ್ಲಿ ವಾರೆಸೆ ತಂಡಗಳನ್ನು ಪ್ರಥಮ ದರ್ಜೆಗೆ ಏರಿಸಿದರು. ನಂತರ ಫಿಯೊರೆಂಟಿನಾ, ರೋಮಾ ತಂಡಗಳಿಗೆ ಮಾರ್ಗದರ್ಶನ ಮಾಡಿ, 1977ರಲ್ಲಿ ಮಿಲಾನ್‌ಗೆ ಮರಳಿದರು. 1979ರಲ್ಲಿ ಮಿಲಾನ್ ಹತ್ತನೆಯ ಲೀಗ್ ಪ್ರಶಸ್ತಿ ಗೆದ್ದಿತು. ಇಟಲಿಯಲ್ಲಿ ಹತ್ತು ಪ್ರಶಸ್ತಿ ಗೆದ್ದ ತಂಡ ತನ್ನ ಅಂಗಿಯ ಮೇಲೆ ಚಿನ್ನದ ನಕ್ಷತ್ರ ಧರಿಸುವ ಗೌರವ ಪಡೆಯುತ್ತದೆ.

ಅಂದಿನ ಇಟಲಿಯಲ್ಲಿ ಪ್ರತಿ ರಕ್ಷಣಾ ಆಟಗಾರನಿಗೂ ಒಬ್ಬೊಬ್ಬ ಎದುರಾಳಿಯನ್ನು ಒಪ್ಪಿಸಿ, ಅವನ ನೆರಳಿನಂತೆ ಹಿಂಬಾಲಿಸುವ ಪದ್ಧತಿ ರೂಢಿಯಲ್ಲಿತ್ತು. ಲೀಡ್‌ಹೋಲ್ಮ್ ಇದರ ಬದಲು ವಲಯ ರಕ್ಷಣೆಯನ್ನು ಬೆಳೆಸಿದರು. ಈ ಪದ್ಧತಿಯಲ್ಲಿ ಆಟಗಾರ ಕಾಯುವುದು ಮೈದಾನದ ತನ್ನ ಭಾಗವನ್ನು. ಆ ಭಾಗಕ್ಕೆ ಯಾರು ಬಂದರೂ ಅವರು ಅವನ ಹೊಣೆ. ಹೀಗಾಗಿ ಎದುರಾಳಿಯ ಹಿಂದೆ ಅಲೆದು ದಣಿಯಬೇಕಿಲ್ಲ. ಚೆಂಡು ದೊರೆತ ಕೂಡಲೇ ತಂಡ ಸುವ್ಯವಸ್ಥಿತವಾಗಿ ಆಡಬಹುದು. ಚೆಂಡು ತಮ್ಮ ಬಳಿ ಇರುವವರೆಗೆ ಎದುರಾಳಿ ಗೋಲು ಹೊಡೆಯಲಾರನೆಂಬುದು ಅವರ ಸರಳ ಸೂತ್ರವಾಗಿತ್ತು.

ಇದರ ಪೂರ್ಣ ಫಲ ರೋಮಾ ತಂಡದಲ್ಲಿ ಕಾಣಿಸಿತು. 1979ರಿಂದ 1984ರ ಅವಧಿಯಲ್ಲಿ ಆ ತಂಡ ಮೂರು ಬಾರಿ ಇಟಾಲಿಯನ್ ಕಪ್ ಗೆದ್ದಿತು. ಬ್ರೆಜಿಲ್‌ನ ಫಾಲ್ಕಾವೊ ಮಿಡ್‌ಫೀಲ್ಡ್‌ನ ಆಧಾರಸ್ತಂಭವಾಗಿದ್ದರು. ಪಾಸ್ ಕೊಡುವುದರಲ್ಲಿ ನಿಪುಣರಾದರೂ ವೇಗವಿಲ್ಲದ ನಾಯಕ ಅಗೊಸ್ತಿನೊ ದಿ ಬಾರ್ತೊಲೊಮೇಯಿ ಅವರನ್ನು ಲೀಡ್‌ಹೋಲ್ಮ್ ರಕ್ಷಣಾ ಪಂಕ್ತಿಗೆ ತಂದು, ಅಲ್ಲಿಂದ ಆಟ ಕಟ್ಟಿಸಿದರು. ತಮ್ಮ ಆಟದ ಕೊನೆಯ ವರ್ಷಗಳಲ್ಲಿ ತಾವೇ ಕಂಡುಕೊಂಡಿದ್ದ ದಾರಿ ಅದು. 1983ರಲ್ಲಿ ರೋಮಾ ಲೀಗ್ ಚಾಂಪಿಯನ್ ಆಯಿತು. 1942ರ ನಂತರ ಆ ನಗರಕ್ಕೆ ಅದೃಷ್ಟ ಒಲಿದು ಎಷ್ಟೋ ವರ್ಷಗಳಾಗಿದ್ದರೂ ರೋಮಾ ಕ್ಲಬ್ಬಿಗೆ ಇದು ಎರಡನೆಯ ಪ್ರಶಸ್ತಿ ಮಾತ್ರ.

1984ರ ಮೇ 30ರ ಯುರೋಪಿಯನ್ ಕಪ್ ಫೈನಲ್ ರೋಮ್ ನಗರದಲ್ಲಿಯೇ ನಡೆಯಿತು. ಲಿವರ್‌ಪೂಲ್ ವಿರುದ್ಧ 1–1ರ ಸಮಬಲದ ನಂತರ ಪೆನಾಲ್ಟಿ ಹೊಡೆತಗಳಲ್ಲಿ ರೋಮಾ 4–2ರಿಂದ ಸೋತಿತು. ವಿಶ್ವಕಪ್‌ನಂತೆಯೇ ಇಲ್ಲಿಯೂ ತಮ್ಮದೇ ಅಂಗಳದಲ್ಲಿ ಅಂತಿಮ ಜಯ ಅವರ ಕೈತಪ್ಪಿತು. ಆ ವರ್ಷ ಅವರು ತೆರವು ಮಾಡಿದ ಸ್ಥಾನಕ್ಕೆ ಬಂದವರೂ ಸ್ವೀಡನ್ನಿನವರೇ ಆದ ಸ್ವೆನ್ ಯೊರಾನ್ ಎರಿಕ್‌ಸನ್.

ಯುವಕರನ್ನು ಗುರುತಿಸುವುದರಲ್ಲಿ ಲೀಡ್‌ಹೋಲ್ಮ್ ನಿಪುಣರು. 1972ರಲ್ಲಿ ಫಿಯೊರೆಂಟಿನಾದಲ್ಲಿ ಜಿಯಾನ್‌ಕಾರ್ಲೊ ಆಂತೊನ್ಯೋನಿ, 1978ರಲ್ಲಿ ಮಿಲಾನ್‌ನಲ್ಲಿ ಫ್ರಾಂಕೊ ಬರೇಸಿ ಅವರಿಗೆ ಲೀಗ್‌ನಲ್ಲಿ ಮೊದಲ ಅವಕಾಶ ನೀಡಿದವರು ಅವರೇ. 1985ರ ಜನವರಿಯಲ್ಲಿ ಹದಿನಾರರ ಪಾವೊಲೊ ಮಾಲ್ದೀನಿಯನ್ನು ಕಣಕ್ಕಿಳಿಸಿದವರೂ ಅವರೇ. ಪಾವೊಲೊ ಅವರ ತಂದೆ ಚೆಸಾರೆ ಮಾಲ್ದೀನಿ, ಲೀಡ್‌ಹೋಲ್ಮ್ ಅವರೊಡನೆ ಮಿಲಾನ್ ಪರ ಆಡಿದ್ದವರು. ರೋಮಾದಲ್ಲಿ ಅವರ ಶಿಷ್ಯರಾಗಿದ್ದ ಕಾರ್ಲೊ ಆಂಚೆಲೊಟ್ಟಿ ಮುಂದೆ ವಿಶ್ವದ ಅಗ್ರ ತರಬೇತುದಾರರ ಸಾಲಿಗೆ ಸೇರಿದರು.

ಕೊನೆಯ ವರ್ಷಗಳು

ಮಿತಭಾಷೆ, ತಿಳಿಹಾಸ್ಯ ಹಾಗೂ ಗಾಂಭೀರ್ಯಕ್ಕಾಗಿ ಇಟಲಿಯವರು ಲೀಡ್‌ಹೋಲ್ಮ್ ಅವರನ್ನು 'ಬ್ಯಾರನ್' ಎಂದು ಗೌರವದಿಂದ ಕರೆಯುತ್ತಿದ್ದರು. ಪೀಡ್‌ಮಾಂಟ್ ಪ್ರಾಂತದ ಕುಕ್ಕಾರೊ ಮೊನ್‌ಫೆರಾಟೊ ಎಂಬ ಹಳ್ಳಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡು, ವೈನ್ ತಯಾರಿಕೆಯಲ್ಲಿ ತೊಡಗಿಸಿಕೊಂಡ ಅವರು 2007ರ ನವೆಂಬರ್ 5ರಂದು ಅಲ್ಲಿಯೇ ನಿಧನರಾದರು. ಅವರಿಗೆ 85 ವರ್ಷ ವಯಸ್ಸಾಗಿತ್ತು.

ಹುಟ್ಟಿದ ನಾಡಿನಲ್ಲಿ ಅವರು ಕಳೆದದ್ದು ಬದುಕಿನ ಮೊದಲ 26 ವರ್ಷ, ಉಳಿದದ್ದೆಲ್ಲ ಇಟಲಿಯಲ್ಲಿ. ಆದರೂ ಸ್ವೀಡನ್ ಪುರುಷರ ತಂಡ ಆಡಿದ ಏಕೈಕ ವಿಶ್ವಕಪ್ ಫೈನಲ್‌ನ ನಾಯಕ ಎಂಬ ಸ್ಥಾನ ದೇಶದ ಕ್ರೀಡಾ ಚರಿತ್ರೆಯಲ್ಲಿ ಅವರದಾಗಿದೆ. ಒಂಬತ್ತು ವರ್ಷ ಹೊರಗಿಟ್ಟ ತಂಡಕ್ಕೆ ಮರಳಿ ಬಂದು ಆ ಫೈನಲ್‌ನ ಮೊದಲ ಗೋಲನ್ನು ಹೊಡೆದವರೂ ಅವರೇ.