ಬಾಲಗಾಯಕವೃಂದವೂ ಹಿಟ್ಲರನ ಯುವದಳವೂ

ಜರ್ಮನಿಯ ಲೈಪ್‌ಜಿಗ್ ನಗರದ ಸಂತ ತೋಮಸ್ ಬಾಲಗಾಯಕವೃಂದವು 1212ರಷ್ಟು ಹಳೆಯದು. 1723ರಿಂದ 1750ರವರೆಗೆ ಸಂಗೀತಕಾರ ಬಾಖ್‌ನ ಕೈಕೆಳಗೆ ಹಾಡಿದುದು. ಇಂತಹ ವೃಂದವು 1937ರಲ್ಲಿ, ಕಾರ್ಲ್ ಸ್ಟ್ರೌಬೆಯು ಗಾಯನಾಚಾರ್ಯನಾಗಿದ್ದಾಗ, ಇಡಿಯಾಗಿ ಹಿಟ್ಲರನ ಯುವದಳಕ್ಕೆ ಸೇರಿಹೋಯಿತು. ಇದನ್ನು ಬಲಾತ್ಕಾರವೆನ್ನಬೇಕೆ, ಒಪ್ಪಂದವೆನ್ನಬೇಕೆ ಎಂಬುದು ಪ್ರಕೃತ ವಿಚಾರ.

1936ರ ಡಿಸೆಂಬರ್ 1ರ ಶಾಸನವು ಜರ್ಮನ್ ಯುವಜನರೆಲ್ಲರನ್ನೂ ಯುವದಳದೊಳಗೆ ಅಡಕಗೊಳಿಸಿ, ಮನೆ ಮತ್ತು ಶಾಲೆಗಳ ಹೊರಗಿನ ಶಿಕ್ಷಣವನ್ನೆಲ್ಲ ಅದಕ್ಕೆ ಒಪ್ಪಿಸಿತು. ಚರ್ಚಿನ ಹೆಸರು ಅಲ್ಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಹುಡುಗರು ಒಬ್ಬೊಬ್ಬರಾಗಿ ಬೇರೆ ಬೇರೆ ತುಕಡಿಗಳಿಗೆ ಹಂಚಿಹೋದರೆ ಗಾಯನಾಭ್ಯಾಸಕ್ಕೆ ಹೊತ್ತೆಲ್ಲಿ? ಒಟ್ಟಾಗಿ ಸೇರಿದರೆ ವೃಂದವಾದರೂ ಉಳಿಯುತ್ತದೆ. ಉಳಿಯಿತು, ನಿಜ, ಬಾಖ್‌ನ ಕೃತಿಗಳೂ ಉಳಿದವು. ಆದರೆ ದೇವರಿಗೆ ಹಾಡುವ ಕಂಠಗಳು ಪಕ್ಷದ ಪಟ್ಟಿಗೂ ಸಂದವು. ಉಳಿಸಿಕೊಳ್ಳುವ ಆಸೆಯೇ ಇಲ್ಲಿ ಒಪ್ಪಿಸಿಕೊಡುವ ದಾರಿಯಾಯಿತೆಂದು ನಮಗೆ ತೋರುತ್ತದೆ.

ವಿಯೆನ್ನಾದಲ್ಲಿ ಇಷ್ಟು ನಾಜೂಕೂ ಇರಲಿಲ್ಲ. ಅಲ್ಲಿಯ ಬಾಲಗಾಯಕವೃಂದವನ್ನು 1924ರಲ್ಲಿ ಪುನಃ ಕಟ್ಟಿದ ಪಾದ್ರಿ ಯೋಸೆಫ್ ಶ್ನಿಟ್‌ನನ್ನು 1938ರಲ್ಲಿ ಹೊರಹಾಕಲಾಯಿತು.

ನಮ್ಮಲ್ಲಿ ಹುಬ್ಬಳ್ಳಿಯ ನಾ. ಸು. ಹರ್ಡೀಕರರು 1923ರಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳವೂ 1931ರಲ್ಲಿ ಕಾಂಗ್ರೆಸ್ಸಿನ ಅಂಗವಾಯಿತೆಂದು ವಿದ್ಯಾರ್ಥಿಗಳು ಹೋಲಿಸಬಹುದು. ಹೋಲಿಕೆ ನಿಲ್ಲದು: ಅದು ತಾವಾಗಿ ಬಂದ ಸ್ವಯಂಸೇವಕರ ದಳ, ಆಳುವವರಿಗೆ ಎದುರಾಗಿ ನಿಂತದ್ದು, ಅದನ್ನು 1932ರಲ್ಲಿ ಬ್ರಿಟಿಷ್ ಸರಕಾರ ನಿಷೇಧಿಸಿತು.

ಲೈಪ್‌ಜಿಗ್ಗಿನಲ್ಲಿ ಸ್ಟ್ರೌಬೆಯ ತರುವಾಯ 1940ರಲ್ಲಿ ಗುಂಟರ್ ರಾಮಿನ್ ಬಂದನು. ಹಿಟ್ಲರನ ಆಳ್ವಿಕೆ ಅಳಿದು, ಪೂರ್ವ ಜರ್ಮನಿಯ ಕಮ್ಯೂನಿಸ್ಟ್ ಸರಕಾರ ಬಂದ ಮೇಲೆಯೂ, 1956ರಲ್ಲಿ ತೀರಿಕೊಳ್ಳುವವರೆಗೆ ಆತನು ಅದೇ ಸ್ಥಾನದಲ್ಲಿದ್ದನು.