ಗರಸಿನ ತಗ್ಗು: ತೋಡುವಾಗ ಲೆಕ್ಕ ಇತ್ತು, ಮುಚ್ಚುವಾಗ ಇರಲಿಲ್ಲ

ಸಂಕೇಶ್ವರ, ಹುಕ್ಕೇರಿ ಭಾಗದಲ್ಲಿ ಮನೆಯ ಪಾಯ ತುಂಬಲು ಗರಸು ಬೇಕು. ಹೊಲದ ದಾರಿಗೆ ಗರಸು, ಕಬ್ಬಿನ ಟ್ರ್ಯಾಕ್ಟರ್ ಹೂತು ನಿಂತರೆ ಗರಸು, ಹೆದ್ದಾರಿಗೂ ಗರಸು. ಒಂದು ಕಡೆ ರಸ್ತೆ ಎದ್ದರೆ ಇನ್ನೊಂದು ಕಡೆ ತಗ್ಗು ಬೀಳುತ್ತದೆ. ರಸ್ತೆಯ ಇತಿಹಾಸ ಉದ್ಘಾಟನೆಯ ಕಲ್ಲಿನ ಮೇಲಾದರೂ ಇರುತ್ತದೆ. ತಗ್ಗಿನ ಇತಿಹಾಸವನ್ನು ಯಾರೂ ಬರೆಯುವುದಿಲ್ಲ. ಊರ ಪಕ್ಕದ ತಗ್ಗನ್ನು ದೊಡ್ಡದು ಮಾಡುವ ಮಾತು ಬಂದಾಗ ಬೇಕಾಗುವುದು ಆ ಇತಿಹಾಸವೇ.

ಮೊದಲು ನೆಲದ ಮಾತು. ಹುಕ್ಕೇರಿ ಸೀಮೆಯ ಕೆಳಗಿರುವುದು ಬಹುಪಾಲು ದಖ್ಖನ್ನಿನ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದದ್ದು. ಮೇಲೆ ಎರೆಮಣ್ಣು, ಕೆಳಗೆ ಬಂಡೆ, ಇವೆರಡರ ನಡುವೆ ಅರ್ಧ ಕಲ್ಲು ಅರ್ಧ ಮಣ್ಣಾಗಿ ಸಡಿಲಗೊಂಡ ಪದರವೇ ಗರಸು. ಮಳೆನೀರನ್ನು ತಡೆದು ನಿಧಾನಕ್ಕೆ ಬಾವಿಗೆ ಬಿಡುವುದೂ ಇದೇ ಪದರ. ಹಾಗಾಗಿ ಗರಸು ತೆಗೆಯುವುದೆಂದರೆ ಬರೀ ಮಣ್ಣು ತೆಗೆಯುವುದಲ್ಲ.

ಬ್ರಾಸಿನ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದ ಮಣ್ಣಿನ ಕೆಲಸ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಪಾಚ್ಛಾಪುರ, ಘಟಪ್ರಭಾ ಮೇಲೆ ಹಾದ ರೈಲು ದಾರಿಗೆ ಏರಿ ಹಾಕಿದರು. 1897ರಲ್ಲಿ ಧೂಪದಾಳದ ಒಡ್ಡು ಎದ್ದಿತು. 1977ರಲ್ಲಿ ಹಿಡಕಲ್ ಜಲಾಶಯ ಮುಗಿಯಿತು. 51 ಟಿಎಂಸಿ ನೀರು ಹಿಡಿಯುವ, ಸುಮಾರು 10 ಕಿಲೋಮೀಟರ್ ಉದ್ದದ ಆ ಕಟ್ಟೆಯಲ್ಲಿ ಬಹುಭಾಗ ಮಣ್ಣಿನ ಏರಿಯೇ. 2000ದ ನಂತರ ಪುಣೆ–ಬೆಂಗಳೂರು ಹೆದ್ದಾರಿ ನಾಲ್ಕು ಪಥವಾಯಿತು.

ಆಗಿನ ತಗ್ಗುಗಳಲ್ಲಿ ಅಲ್ಲಲ್ಲಿ ಒಂದೊಂದು ಮಣ್ಣಿನ ದಿಬ್ಬ ಉಳಿಸುತ್ತಿದ್ದರು. ಅದು ಸಾಕ್ಷಿ ದಿಬ್ಬ. ಮೊದಲು ನೆಲ ಎಷ್ಟು ಎತ್ತರ ಇತ್ತು ಎಂದು ಅದನ್ನು ಅಳೆದು ತೋಡಿದವರಿಗೆ ಕೂಲಿ ಕೊಡುತ್ತಿದ್ದರು. ಅಳತೆ ಬ್ರಾಸಿನಲ್ಲಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಲೆಕ್ಕ ಪಕ್ಕಾ ಇತ್ತು. ಆದರೆ ಅದು ಹೊರಗೆ ಹೋದ ಮಣ್ಣಿನ ಲೆಕ್ಕ, ಹಿಂದೆ ಉಳಿದ ತಗ್ಗಿನದಲ್ಲ.

ಕಾನೂನೂ ಹಾಗೆಯೇ ನಡೆಯಿತು. 1957ರ ಗಣಿ ಮತ್ತು ಖನಿಜ ಕಾಯ್ದೆ ಕಟ್ಟಡದ ಕಲ್ಲು, ಜಲ್ಲಿ, ಜೇಡಿಮಣ್ಣು, ಮರಳನ್ನು ಉಪಖನಿಜ ಎಂದು ಕರೆದು, ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕದಲ್ಲಿ ಈಗ ನಡೆಯುತ್ತಿರುವುದು 1994ರ ಉಪಖನಿಜ ರಿಯಾಯಿತಿ ನಿಯಮಗಳು. ಬಹುಕಾಲ ಕಚೇರಿಯ ಮುಖ್ಯ ಪ್ರಶ್ನೆ ಒಂದೇ ಆಗಿತ್ತು: ರಾಜಧನ ಕಟ್ಟಿದಿರಾ?

ಕೋರ್ಟು ಕೇಳಿದ ಪ್ರಶ್ನೆ

2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದಿತು. ಐದು ಹೆಕ್ಟೇರ್ ಅಂದರೆ ಸುಮಾರು 12 ಎಕರೆ 14 ಗುಂಟೆ. ಅಲ್ಲಿಯವರೆಗೆ ದೊಡ್ಡ ಜಾಗವನ್ನು ಸಣ್ಣ ತುಂಡು ಮಾಡಿದರೆ ಯಾರೂ ಕೇಳದ ಸ್ಥಿತಿ ಇತ್ತು. 2016ರ ಅಧಿಸೂಚನೆ ಇನ್ನೊಂದು ಬಾಗಿಲು ಮುಚ್ಚಿತು: ಒಂದೇ ಬಗೆಯ ಖನಿಜದ ಎರಡು ಗಣಿಗಳ ಅಂಚುಗಳ ನಡುವೆ 500 ಮೀಟರಿಗಿಂತ ಕಡಿಮೆ ಅಂತರ ಇದ್ದರೆ ಅವನ್ನು ಒಂದೇ ಗುಂಪು ಎಂದು ನೋಡಬೇಕು.

ಆದರೆ 2020ರ ಮಾರ್ಚ್ 28ರಂದು, ಲಾಕ್‌ಡೌನ್ ಶುರುವಾದ ನಾಲ್ಕನೇ ದಿನ, ಕೇಂದ್ರ ಪರಿಸರ ಸಚಿವಾಲಯ ರಸ್ತೆ, ಪೈಪ್‌ಲೈನಿನಂಥ ಉದ್ದದ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂದು ವಿನಾಯಿತಿ ಕೊಟ್ಟಿತು. ಎಷ್ಟು ಮಣ್ಣು, ಎಷ್ಟು ಜಾಗ ಎಂಬ ಮಿತಿ ಅದರಲ್ಲಿ ಇರಲಿಲ್ಲ. ಜನರ ಆಕ್ಷೇಪಣೆಯನ್ನೂ ಮೊದಲು ಕೇಳಿರಲಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ಅಂದರೆ ಹೆದ್ದಾರಿಗೆಂದು ತೋಡಿದ್ದಕ್ಕೂ ಲೆಕ್ಕ ಕೊಡಬೇಕು ಎಂಬುದು ಆ ತೀರ್ಪಿನ ಅರ್ಥವಾಗಿತ್ತು.

ಮುಚ್ಚುವುದು ಅಂದರೇನು?

ಒಂದು ಎಕರೆಯನ್ನು 10 ಅಡಿ ಆಳ ತೋಡಿದರೆ 4,356 ಬ್ರಾಸ್ ಗರಸು ಬರುತ್ತದೆ. ಟ್ರಿಪ್ಪಿಗೆ ಒಂದು ಬ್ರಾಸ್ ಎಂದು ಹಿಡಿದರೂ 4,356 ಟ್ರಿಪ್. ಇದನ್ನು ಮತ್ತೆ ತುಂಬಲು ಅಷ್ಟೇ ಮಣ್ಣು ಬೇಕು, ಅದಕ್ಕೆ ಇನ್ನೊಂದು ಎಕರೆ ತೋಡಬೇಕು! ಆದ್ದರಿಂದ ‘ಆಮೇಲೆ ಮುಚ್ಚಿ ಕೊಡುತ್ತೇವೆ’ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಕಸ ತಂದು ತುಂಬುವುದೂ ಪರಿಹಾರವಲ್ಲ. ಬೆಂಗಳೂರಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೆ ಕಲ್ಲುಗಣಿಗಳಿಗೆ ಮಹಾನಗರದ ಕಸ ಸುರಿದರು. ಸುತ್ತಲಿನ ಜನ ನೀರು ಕೆಟ್ಟಿತು, ವಾಸನೆ ತಡೆಯಲಾಗದು ಎಂದು ಬೀದಿಗಿಳಿಯಬೇಕಾಯಿತು.

ಆಗುವ ಕೆಲಸ ಬೇರೆ ಇದೆ, ಅದು ತೋಡುವ ಮೊದಲೇ ಶುರುವಾಗುತ್ತದೆ. ಮೇಲಿನ ಫಲವತ್ತಾದ ಮಣ್ಣನ್ನು ಬೇರೆ ತೆಗೆದು ಗುಡ್ಡೆ ಹಾಕಬೇಕು. ಕೇಂದ್ರ ಹೆದ್ದಾರಿ ಕಾಮಗಾರಿ ನಿಯಮದಂತೆ ಆ ಗುಡ್ಡೆ 2 ಮೀಟರಿಗಿಂತ ಎತ್ತರ ಇರಬಾರದು. ರಸ್ತೆ ಪಕ್ಕದ ತಗ್ಗು 1.5 ಮೀಟರಿಗಿಂತ ಆಳ ಹೋಗಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಕಡಿದಾದ ಅಂಚನ್ನು ಇಳಿಜಾರು ಮಾಡಿದರೆ ಬಿದ್ದ ದನ ಹತ್ತಿ ಬರುತ್ತದೆ, ಈಜಲು ಇಳಿದ ಹುಡುಗ ದಡ ಸೇರುತ್ತಾನೆ. ಕೊನೆಗೆ ತೆಗೆದಿಟ್ಟ ಮಣ್ಣನ್ನು, ಸಿಕ್ಕರೆ ಕೆರೆಯ ಹೂಳನ್ನೂ ಹರಡಿದರೆ ಹುಲ್ಲು, ಗಿಡ ಹಿಡಿಯುತ್ತವೆ.

ತಗ್ಗು ದೊಡ್ಡದಾಗುವುದನ್ನು ಪೂರ್ತಿ ಬೇಡ ಎನ್ನಲಾಗದು, ನಮಗೂ ರಸ್ತೆ ಬೇಕು, ಮನೆ ಬೇಕು. ಆದರೆ ಗ್ರಾಮಸಭೆಯಲ್ಲಿ ಇಷ್ಟು ಕೇಳಿ: ಹಳೆಯ ತಗ್ಗು ಸೇರಿಸಿ ಒಟ್ಟು ಎಷ್ಟು ಎಕರೆ? ಎಷ್ಟು ಆಳ? ಪರಿಸರ ಅನುಮತಿ ಪತ್ರ ಎಲ್ಲಿ? ಮೇಲ್ಮಣ್ಣು ಎಲ್ಲಿ ಇಡುತ್ತೀರಿ? ಬೇಲಿ ಯಾರು ಹಾಕುತ್ತಾರೆ? ಹತ್ತಿರದ ಬಾವಿಯ ನೀರಿನ ಮಟ್ಟ ಈಗ ಎಷ್ಟಿದೆ ಎಂದು ಬರೆದಿಟ್ಟಿದ್ದೀರಾ? ಬಾಯಿಮಾತಿನ ಉತ್ತರ ಸಾಲದು. ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಕಾಗದ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಜೆಸಿಬಿ ಬರುವ ಮುಂಚೆ ಅರ್ಜಿ ಹಾಕಿ. ಬಂದ ಮೇಲೆ ಉಳಿಯುವುದು ಬ್ರಾಸಿನ ಲೆಕ್ಕ ಮಾತ್ರ.