ತಾಳೆಗರಿಯಿಂದ ನಾಸ್ ಡಬ್ಬಿವರೆಗೆ

ಈಗ ಕೆಲವು ಮನೆಗಳಲ್ಲಿ ವೈಫೈ ರೂಟರ್ ಪಕ್ಕ ಇನ್ನೊಂದು ಡಬ್ಬಿ ಬಂದು ಕೂತೈತೆ. ನಾಸ್ ಅಂತಾರೆ. ಒಳಗೆ ಸಾಮಾನ್ಯವಾಗಿ ಎರಡು ಹಾರ್ಡ್ ಡಿಸ್ಕು. ಮನೆಯವರೆಲ್ಲರ ಫೋಟೊ, ಪಹಣಿ, ಮದುವೆ ವಿಡಿಯೊ ಅದರೊಳಗೆ ಇಡಬಹುದು. ಡಬ್ಬಿ ಹೊಸದು. ಆದರೆ ಹಳೇದರಿಂದ ಹೊಸದಕ್ಕೆ ಜೋಪಾನವಾಗಿ ಸಾಗಿಸೋ ಕೆಲಸ ನಮ್ಮ ನಾಡಿಗೆ ಹೊಸದಲ್ಲ ಕಣ್ರಮ್ಮ.

ತುರುವೇಕೆರೆ ಪಕ್ಕದ ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ನಾವೆಲ್ಲ ಹೋಗಿ ಕೈಮುಗಿದು ಬಂದೋರೇ. ಅಲ್ಲಿ ಗದ್ದುಗೆಯಾದ ತೋಂಟದ ಸಿದ್ಧಲಿಂಗರು ತಾವೇ 701 ವಚನ ಬರೆದೋರು. 12ನೇ ಶತಮಾನದಲ್ಲಿ ಕಲ್ಯಾಣದ ಗಲಭೆ ಆದಾಗ ಶರಣರು ಚದುರಿದರು, ಓಲೆಕಟ್ಟುಗಳೂ ಚದುರಿದವು. ವಿಜಯನಗರದ ಕಾಲಕ್ಕೆ, 15-16ನೇ ಶತಮಾನದಲ್ಲಿ, ಸಿದ್ಧಲಿಂಗರಂಥ ವಿರಕ್ತರ ಪರಂಪರೆಯೋರು ಅವನ್ನ ಹುಡುಕಿ ಕೂಡಿಸಿದರು. ಶೂನ್ಯಸಂಪಾದನೆಯನ್ನಂತೂ ನಾಲ್ಕು ಸಲ, ನಾಲ್ಕು ಜನ ಕಟ್ಟಿದರು.

ತಾಳೆಗರಿ ಮೇಲೆ ಕಂಠದಲ್ಲಿ ಕೊರೆದು, ಮಸಿ ತುಂಬಿ, ಎಣ್ಣೆ ಸವರಿ ಇಟ್ಟರೂ ಹುಳ, ಗೆದ್ದಲು, ತೇವ ಬಿಡಲ್ಲ. ಗರಿ ಮುರಿಯೋಕೆ ಮುಂಚೆ ಹೊಸ ಗರಿಗೆ ಇಳಿಸಬೇಕು. ಒಂದೇ ವಚನ ಬೇರೆ ಬೇರೆ ಮಠ, ಮನೆಗಳಲ್ಲಿ ಇದ್ದಿದ್ದರಿಂದ, ಒಂದು ಕಟ್ಟಲ್ಲಿ ಹೋಗಿದ್ದು ಇನ್ನೊಂದರಲ್ಲಿ ಸಿಕ್ತಿತ್ತು. ಬಿಜಾಪುರದ ವಕೀಲರು ಫ.ಗು. ಹಳಕಟ್ಟಿ ಆ ಕಟ್ಟುಗಳನ್ನ ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಮಾಡಿಸಿದರು. 1993ರಲ್ಲಿ ಸರ್ಕಾರ 15 ಸಂಪುಟ ತಂತು. ಈಗ ‘ವಚನ ಸಂಚಯ’ದಲ್ಲಿ ಮೊಬೈಲಲ್ಲೇ ಓದಬಹುದು.

ಸೂಳೆ ಸಂಕವ್ವೆಯದು ನಮಗೆ ಸಿಕ್ಕಿರೋದು ಒಂದೇ ಒಂದು ವಚನ. ಇಷ್ಟು ಸಲ ಸಾಗಿಸೋವಾಗ ಯಾರಾದರೂ ಆ ಒಂದನ್ನ ಬಿಟ್ಟಿದ್ದರೆ ಆ ಹೆಣ್ಣಿನ ದನಿಯೇ ನಮಗೆ ಕೇಳ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಹಂಗೇ. ಗಂಡಸರ ಫೋಟೊ ಹತ್ತಿದ್ರೆ, ಅಜ್ಜಿದು ಒಂದೇ ಇರ್ತದೆ, ಅದೂ ಯಾರದೋ ಮದುವೆ ಗುಂಪಲ್ಲಿ ಮೂಲೇಲಿ ನಿಂತಿರೋದು.

ಅದಕ್ಕೇ ಡಬ್ಬಿಗೆ ಸಾಗಿಸೋವಾಗ ‘ಕಟ್’ ಬೇಡ, ‘ಕಾಪಿ’ ಮಾಡಿ. ಆಮೇಲೆ ಎರಡೂ ಕಡೆ ಫೈಲು ಎಷ್ಟು, ಗಾತ್ರ ಎಷ್ಟು ತಾಳೆ ನೋಡಿ. ಅಟ್ಟದಿಂದ ಇಳಿಸಿದ ಕಾಯಿನ ಕಿವಿ ಹತ್ರ ಅಲ್ಲಾಡಿಸಿ ನೋಡ್ದಂಗೆ, ಒಂದೊಂದು ಫೋಲ್ಡರಲ್ಲೂ ನಾಕಾರು ತೆಗೆದು ನೋಡಿ. ಹಳೇ ಡಿಸ್ಕನ್ನ ತಕ್ಷಣ ಅಳಿಸಬೇಡಿ. ಡಬ್ಬೀಲಿ ಎರಡು ಡಿಸ್ಕು ಒಂದಕ್ಕೊಂದು ಕನ್ನಡಿಯಂಗೆ ಇದ್ರೂ, ಕೈತಪ್ಪಿ ಅಳಿಸಿದ್ರೆ ಎರಡರಲ್ಲೂ ಹೋಗ್ತದೆ. ಸಿಡಿಲು ಹೊಡೆದ್ರೆ ಎರಡೂ ಒಟ್ಟಿಗೇ ಸುಟ್ಟುಹೋಗಬಹುದು. ಇನ್ನೊಂದು ಪ್ರತಿ ಮಗಳ ಮನೇಲೋ ತಂಗಿ ಮನೇಲೋ ಇರಲಿ. ಬೇರೆ ಬೇರೆ ಕಡೆ ಪ್ರತಿ ಇದ್ದಿದ್ದಕ್ಕೇ ವಚನಗಳು ನಮ್ಮ ಕೈವರೆಗೆ ಬಂದಿದ್ದು.